ಬಾಗಿಲಿಲ್ಲದ ಕವಚ

"ನೋಡ್ತಾ ಇರಿ! ಈ ತಿಂಗಳು ಕಳೆದ ಮೇಲೂ ಆ ಬಳಗದಲ್ಲಿ ಯಾರಾದ್ರೂ ನನ್ನನ್ನ 'ಕೆಟಲ್‌ನವರ ಮನೆಯವರು' ಅಂತ ಕರೆದ್ರೆ, ನಾನು ಜೀವಮಾನದಲ್ಲಿ ಪೆನ್ಸಿಲ್ ಮುಟ್ಟೋದಿಲ್ಲ!"

ಚುಕ್ಕಿಯ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಸೌಟನ್ನು ಖಡ್ಗದಂತೆ ಮೇಲೆತ್ತಿ ಹೀಗೆ ಘೋಷಿಸಿದಾಗ, ಸೌಟಿನ ತುದಿಯಿಂದ ಎರಡು ತೊಟ್ಟು ಬಿಸಿ ಸೂಪು ಅವಳ ಮೂಗಿನ ಮೇಲೇ ಬಿತ್ತು. ಘೋರ ಪ್ರತಿಜ್ಞೆ ಮಾಡುವವರು ಇಂಥ ಸಣ್ಣಪುಟ್ಟ ಸುಟ್ಟಗಾಯಗಳಿಗೆಲ್ಲ ಹೆದರಿದರೆ ಆಗುತ್ತದೆಯೇ? ಅವಳು ಮೂಗು ಒರೆಸಿಕೊಂಡು ಮುಂದುವರಿಸಿದಳು.

"ನಾನು ರಕ್ಷಾಕವಚ ಮಾಡ್ತೀನಿ. ತಲೆಯಿಂದ ಮಂಡಿವರೆಗೆ! ನಾನೇ ಮಾಡಿ, ನಾನೇ ತೊಟ್ಟು, ನಾನೇ ನಡೆದು ತೋರಿಸ್ತೀನಿ!"

ಚುಕ್ಕಿಯ ಅಪ್ಪ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಯುದ್ಧ ಯಾರ ಮೇಲೆ?" ಎಂದ.

"ನಿಮ್ಮ ಕೆಟಲ್ ಮೇಲೆ!"

ಆ ಕೆಟಲ್ಲಿನ ಸಮಾಚಾರವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಅವರ ಬಡಾವಣೆಯಲ್ಲಿ 'ಹವ್ಯಾಸಿ ಕೈಗಳು' ಎಂಬುದೊಂದು ಬಳಗವಿದೆ. ಹೊಟ್ಟೆಪಾಡಿಗೆ ಒಂದು ಕೆಲಸ ಮಾಡಿಕೊಂಡು, ಖುಷಿಗೆ ಇನ್ನೊಂದು ಮಾಡುವವರ ಬಳಗ. ಹಲ್ಲಿನ ಡಾಕ್ಟರಮ್ಮ ಸೋಪಿನಲ್ಲಿ ಆನೆ ಕೆತ್ತುತ್ತಾರೆ. ಬಸ್ ಡ್ರೈವರು ಬಾಟಲಿಯೊಳಗೆ ಹಡಗು ಕಟ್ಟುತ್ತಾರೆ. ಬೇಕರಿಯವರು ಬೆಂಕಿಕಡ್ಡಿಯಲ್ಲಿ ಸೇತುವೆ ಕಟ್ಟಿ, ಅದರ ಹತ್ತಿರ ಯಾರನ್ನೂ ಕೆಮ್ಮಲು ಬಿಡುವುದಿಲ್ಲ. ವಾರವಿಡೀ ಫೋನಿನಲ್ಲಿ ಬಳಗದ ಪುಟಕ್ಕೆ ಚಿತ್ರ, ವಿಡಿಯೋ ಹಾಕಿ ಒಬ್ಬರನ್ನೊಬ್ಬರು ಹೊಗಳುವುದು. ತಿಂಗಳಿಗೊಂದು ಭಾನುವಾರ ಗ್ರಂಥಾಲಯದ ಮಹಡಿಯಲ್ಲಿ ಸೇರಿ, ಎದುರುಬದುರು ಕೂತು ಟೀಕಿಸುವುದು. ಬಳಗದ ಯಜಮಾನಿಕೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರದು.

ಚುಕ್ಕಿಯ ಅಪ್ಪನಿಗೆ ಲಿಫ್ಟ್ ಕಂಪನಿಯಲ್ಲಿ ದೂರು ಬರೆದುಕೊಳ್ಳುವ ಕೆಲಸ. ಇಡೀ ದಿನ 'ನಡುವೆ ಸಿಕ್ಕಿಕೊಂಡಿದ್ದೇವೆ ಸ್ವಾಮಿ' ಎಂಬ ಗೋಳು ಕೇಳಿ ಬಂದವನು, ಮನೆಯಲ್ಲಿ ಕೂತು ಅನಿಮೇಷನ್ ಮಾಡುತ್ತಾನೆ. ನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಹನ್ನೆರಡು ಸೆಕೆಂಡಿನ ಒಂದು ಚಿತ್ರ ಮಾಡಿದ. ಒಂದು ಕೆಟಲ್ ಕುದಿಯುತ್ತದೆ, ತನ್ನ ಮುಚ್ಚಳವನ್ನು ಟೋಪಿಯಂತೆ ಎತ್ತಿ ನಮಗೆ ವಂದಿಸುತ್ತದೆ. ಅಷ್ಟೇ! ಅದಕ್ಕೆ ಬಳಗದವರು ಹುಚ್ಚೆದ್ದು ಕುಣಿದರು. ಅಂದಿನಿಂದ ಅವನು 'ಕೆಟಲ್‌ನವರು'. ಅವಳು, 'ಕೆಟಲ್‌ನವರ ಮನೆಯವರು'.

ಇದು ಅವಳಿಗೆ ಚುಚ್ಚಿದ್ದರಲ್ಲಿ ಆಶ್ಚರ್ಯವೇನಿದೆ? ಶಾಲೆಯಲ್ಲಿ ಐದು ವರ್ಷ ಚಿತ್ರಕಲೆಗೆ ಮೊದಲ ಬಹುಮಾನ ಹೊಡೆದವಳು ಅವಳು. ಚುಕ್ಕಿ ಹುಟ್ಟಿದ ಈ ಮೂರೂವರೆ ವರ್ಷದಲ್ಲಿ ಅವಳು ಬರೆದ ಚಿತ್ರವೆಂದರೆ ಒಂದೇ: ನೀರಿನ ಬಾಟಲಿ ಬೇರೆ ಮಗುವಿನದರ ಜೊತೆ ಬೆರೆಯದಿರಲೆಂದು ಅದರ ಮೇಲೊಂದು ಚುಕ್ಕಿ. ಮಿಕ್ಕ ಸಮಯವೆಲ್ಲ ಹೆದರುವುದಕ್ಕೇ ಸಾಲುತ್ತಿರಲಿಲ್ಲ. ದ್ರಾಕ್ಷಿ ಗಂಟಲಿಗೆ ಸಿಕ್ಕೀತೆಂದು ಒಂದೊಂದನ್ನೂ ನಾಲ್ಕು ಸೀಳು ಮಾಡುವವಳು. ಮಗು ಸೀನಿದರೆ ಥರ್ಮಾಮೀಟರು, ಸೀನದಿದ್ದರೆ 'ಯಾಕೆ ಇವತ್ತು ಸೀನಲೇ ಇಲ್ಲ' ಎಂದು ಮತ್ತೆ ಥರ್ಮಾಮೀಟರು!

ಇಂಥವಳಿಗೂ ಒಂದು ಆಸೆ ಇತ್ತು. ತಾನು ಕೈಯಾರೆ ಮಾಡಿದ ಒಂದು ವಸ್ತು, ಅದರ ಕೆಳಗೆ ತನ್ನದೇ ಹೆಸರಿನ ಚೀಟಿ, ಅದನ್ನು ನೋಡಿ ನಾಲ್ಕು ಜನ 'ಇದನ್ನು ಮಾಡಿದವರು ಯಾರು?' ಎಂದು ಕೇಳಬೇಕು. ಇಷ್ಟೇ.

ಕವಚಕ್ಕೆ ಸಾಮಗ್ರಿ ಕಾಲಡಿಯಲ್ಲೇ ಇತ್ತು. ಚುಕ್ಕಿ ಮೊದಲ ಹೆಜ್ಜೆ ಇಟ್ಟ ದಿನ ಅಮ್ಮ ಇಡೀ ಮನೆಗೆ ಬಣ್ಣಬಣ್ಣದ ಫೋಮ್ ಮ್ಯಾಟ್ ಹಾಸಿದ್ದಳು. ಬಚ್ಚಲಿನ ಹೊರಗೆ, ಬಾಲ್ಕನಿಯಲ್ಲಿ, ಕೊನೆಗೆ ಸೋಫಾದ ಕೆಳಗೂ! ಮಗು ಸೋಫಾದ ಕೆಳಗೆ ಹೇಗೆ ಬೀಳುತ್ತದೆಂದು ಗಂಡ ಕೇಳಿದಾಗ, "ಉರುಳಿಕೊಂಡು ಹೋಗಿ ಆಮೇಲೆ ಬಿದ್ರೆ?" ಎಂದು ಅವನ ಬಾಯಿ ಮುಚ್ಚಿಸಿದ್ದಳು. ಈಗ ಆ ಮ್ಯಾಟುಗಳನ್ನೇ ಕಿತ್ತು ಕತ್ತರಿಸತೊಡಗಿದಳು.

"ಮಗು ಬಿದ್ರೆ?" ಎಂದ ಗಂಡ, ಸೇಡು ತೀರಿಸಿಕೊಳ್ಳುವ ದನಿಯಲ್ಲಿ.

ಅವಳ ಕೈಯಲ್ಲಿದ್ದ ಕಟರು ನಿಂತಿತು. ಆಮೇಲೆ ಚುಕ್ಕಿಯ ಮಂಚದ ಸುತ್ತ ಮ್ಯಾಟನ್ನು ಎರಡು ಪದರ ಹಾಸಿ ಬಂದು, ಮಿಕ್ಕದ್ದನ್ನು ಕೊಯ್ದಳು. ಕಲೆಗಾಗಿ ತ್ಯಾಗ ಬೇಕು, ಆದರೆ ಮಂಚದ ಹತ್ತಿರ ಬೇಡ.

ಮೂರು ವಾರ ಮನೆ ಆಯುಧಾಗಾರವಾಯಿತು. ಫೋಮನ್ನು ಹೇರ್ ಡ್ರೈಯರಿನಿಂದ ಕಾಯಿಸಿ, ದೊಡ್ಡ ಪಾತ್ರೆಯ ಮೇಲೆ ಬಗ್ಗಿಸಿ ಎದೆಕವಚ, ಚಿಕ್ಕ ಪಾತ್ರೆಯ ಮೇಲೆ ಬಗ್ಗಿಸಿ ಭುಜಕವಚ, ಶಿರಸ್ತ್ರಾಣಕ್ಕೆ ಕುಕ್ಕರು! ಕೂಡಿಸಲು ಚಪ್ಪಲಿ ಅಂಟಿಸುವ ಹಳದಿ ಗಮ್ಮು. ಎರಡೂ ಕಡೆ ಸವರಿ, ಹತ್ತು ನಿಮಿಷ ಆರಲು ಬಿಟ್ಟು, ಒಂದಕ್ಕೊಂದು ತಾಗಿಸಿದರೆ ಮುಗಿಯಿತು, ಮತ್ತೆ ಬೇರೆ ಮಾಡುವ ಮಾತೇ ಇಲ್ಲ. ಗಮ್ಮಿನ ಘಾಟು ಮಗುವಿಗೆ ತಾಗಬಾರದೆಂದು ಅವಳು ಗಮ್ಮು ಹಚ್ಚುವಾಗೆಲ್ಲ ಚುಕ್ಕಿಯನ್ನು ಅಪ್ಪನ ಜೊತೆ ಪಾರ್ಕಿಗೆ ಓಡಿಸಿ, ಎಲ್ಲ ಕಿಟಕಿ ತೆರೆದು, ಮನೆಯಲ್ಲೇ ಉಳಿದ ಗೊಂಬೆಗೆ ಮಾಸ್ಕ್ ಕಟ್ಟುತ್ತಿದ್ದಳು.

ಕೊನೆಗೆ ಪಕ್ಕೆಯ ಜೋಡಣೆ ಬಂತು. ಮಾಡುವ ವಿಧಾನ ಹೇಳಿಕೊಡುವ ವಿಡಿಯೋದಲ್ಲಿ ಪಕ್ಕೆಗೆ ಬೆಲ್ಟು, ಬಕಲ್ಲು ಇತ್ತು. ಗಂಡ ಅದನ್ನೇ ತೋರಿಸಿದ.

"ಬೆಲ್ಟ್ ಬೇಡ ರೀ. ಸ್ಕೂಲ್ ಬ್ಯಾಗ್ ಥರ ಕಾಣುತ್ತೆ. ಎಲ್ಲಿ ಜೋಡಿಸಿದೀನಿ ಅನ್ನೋದೇ ಗೊತ್ತಾಗಬಾರ್ದು. ಎರಕ ಹೊಯ್ದ ಹಾಗಿರಬೇಕು!"

"ಆಮೇಲೆ ತೆಗೆಯೋದು ಹೇಗೆ?"

"ತೆಗೆಯೋದು ಆಮೇಲಿನ ಮಾತು! ಮೊದಲು ಹಾಕ್ಕೊಳ್ಳೋದಾಗಲಿ. ತಲೆ ಮೇಲಿಂದ ಎಳೆದ್ರೆ ಸ್ವೆಟರ್ ಥರ ಬಂದ್ಬಿಡುತ್ತೆ."

ಬಳಗದಲ್ಲಿ ತೊಡುವ ಕಲೆಗೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಮೇಷ್ಟ್ರು ಮಾಡಿದ್ದು. ಯಾವ ವೇಷವನ್ನೇ ಮಾಡಿರಲಿ, ಅದನ್ನು ತೊಟ್ಟು ಇಪ್ಪತ್ತು ಹೆಜ್ಜೆ ನಡೆದ ವಿಡಿಯೋ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಬಳಗದ ಪುಟದಲ್ಲಿ ಇರಬೇಕು. ಇಲ್ಲವಾದರೆ ಭಾನುವಾರದ ಪ್ರದರ್ಶನದಲ್ಲಿ ಅದಕ್ಕೆ ಮೇಜಿಲ್ಲ. 'ನಡೆಯದ ವೇಷ ಬರೀ ಪೊಟ್ಟಣ' ಎಂಬುದು ಅವರ ಸಿದ್ಧಾಂತ.

ಶನಿವಾರ ಬೆಳಗ್ಗೆ ಹತ್ತೂವರೆಗೆ ಅವಳು ಮಂಡಿವರೆಗೆ ಇಳಿಯುವ ಎದೆ-ಬೆನ್ನಿನ ಕವಚವನ್ನು ತೊಟ್ಟು, ಗಂಡನ ಕೈಯಿಂದ ಎರಡೂ ಪಕ್ಕೆ ಒತ್ತಿಸಿ ಅಂಟಿಸಿಕೊಂಡಳು. ಒತ್ತಲು ಗಂಡ ಬೇಕಾದ್ದರಿಂದ ಇವತ್ತು ಪಾರ್ಕು ರದ್ದು, ಗೊಂಬೆಯ ಜೊತೆ ಚುಕ್ಕಿಗೂ ಮಾಸ್ಕು. ಭುಜಕವಚ ಕೂತಿತು. ಬೆಳ್ಳಿ ಬಣ್ಣ ಫಳಫಳ ಹೊಳೆಯಿತು. ಕೊರಳಪಟ್ಟಿಯ ಅಂಚಿಗೂ ಶಿರಸ್ತ್ರಾಣದ ಗಲ್ಲದ ಅಂಚಿಗೂ ಚಿನ್ನದ ಬಣ್ಣದ ದಾರ ಕೂರಿಸುವುದೊಂದು ಬಾಕಿ. ಅದಕ್ಕೆಂದು ಎರಡು ಕಡೆಗೂ ಗಮ್ಮು ಸವರಿ ಆರಲು ಬಿಟ್ಟಿದ್ದಳು. ಅಷ್ಟರೊಳಗೆ ಒಂದೇ ಒಂದು ಸಲ ಕನ್ನಡಿಯಲ್ಲಿ ನೋಡಿಕೊಳ್ಳೋಣವೆಂದು ಗಂಡನ ಕೈಯಿಂದ ಶಿರಸ್ತ್ರಾಣ ಹಾಕಿಸಿಕೊಂಡಳು.

ಆಹಾ! ಕನ್ನಡಿಯಲ್ಲಿ ನಿಂತಿದ್ದವಳು ದ್ರಾಕ್ಷಿ ಸೀಳುವ ಹೆಂಗಸಲ್ಲ. ದಂಡನಾಯಕಿ! ಕೋಟೆಗಳೆಲ್ಲ ತಾವಾಗಿ ಬಾಗಿಲು ತೆರೆದುಕೊಳ್ಳಬೇಕು, ಅಂಥ ನಿಲುವು!

"ಅಮ್ಮಾ, ನಿನ್ನ ಕಾಲೆಲ್ಲಿ?" ಎಂದಳು ಚುಕ್ಕಿ.

"ಇಲ್ಲೇ ಇದ್ಯಲ್ಲೋ ಬಂಗಾರ," ಎಂದು ದಂಡನಾಯಕಿ ಕೆಳಗೆ ನೋಡಿದಳು.

ಟಪ್.

ಗಲ್ಲದ ಗಮ್ಮು ಕೊರಳಪಟ್ಟಿಯ ಗಮ್ಮನ್ನು ಮುಟ್ಟಿತ್ತು. ಎರಡೂ ಸರಿಯಾಗಿ ಹತ್ತು ನಿಮಿಷ ಆರಿದ್ದವು.

"ರೀ."

"ಏನು?"

"ನನ್ನ ತಲೆ ಮೇಲೆ ಬರ್ತಾ ಇಲ್ಲ."

ಗಂಡ ಬಂದು ಮುಂದಿನಿಂದ ಎಳೆದ, ಹಿಂದಿನಿಂದ ಎಳೆದ, ಕೊನೆಗೆ ಕಾಲು ಗೋಡೆಗೆ ಕೊಟ್ಟು ಎಳೆದ. ಕೆಲಸ ಗಟ್ಟಿಯಾಗಿತ್ತು! ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸು ಈಗ ತನ್ನ ಕಾಲಿನ ಹೆಬ್ಬೆರಳಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಸ್ವೆಟರಿನಂತೆ ಎಳೆಯೋಣವೆಂದರೆ ತಲೆಯೇ ಕವಚಕ್ಕೆ ಸೇರಿಹೋಗಿದೆ. ಕೈ ಎತ್ತೋಣವೆಂದರೆ ಭುಜಕವಚ ಬಿಡದು. ಎರಡು ತೋಳೂ ಹ್ಯಾಂಗರಿಗೆ ಹಾಕಿದ ಕೋಟಿನಂತೆ ಅಗಲವಾಗಿ ನಿಂತಿವೆ. ಮನುಷ್ಯರು ಒಳಹೋಗಬಹುದಾದ, ಆದರೆ ಹೊರಬರಲಾಗದ ವಸ್ತುವೊಂದನ್ನು ಅವಳು ಯಶಸ್ವಿಯಾಗಿ ತಯಾರಿಸಿದ್ದಳು.

"ಕತ್ತರಿ ತರ್ತೀನಿ," ಎಂದು ಗಂಡ ಓಡಿದ. ಓಡಿದವನು ಅಡುಗೆಮನೆಯಿಂದಲೇ ಕೂಗಿದ. "ಈ ಡ್ರಾಯರ್ ತೆಗೆಯೋದು ಹೇಗೆ?"

ಮಗುವಿನ ಕೈಗೆ ಸಿಗಬಾರದೆಂದು ಚೂಪಾದದ್ದನ್ನೆಲ್ಲ ಅವಳು ಮಕ್ಕಳ ಲಾಕಿನ ಡ್ರಾಯರಿನಲ್ಲಿ ಇಟ್ಟಿದ್ದಳು. ಮೂರು ವರ್ಷದಲ್ಲಿ ಗಂಡ ಅದನ್ನೊಮ್ಮೆಯೂ ತೆಗೆದಿರಲಿಲ್ಲ.

"ಎಡಗಡೆ ಒತ್ತಿ, ಬಲಗಡೆ ತಿರುಗಿಸಿ, ಮೇಲೆತ್ತಿ ಎಳೀರಿ!"

"ಬರ್ತಿಲ್ಲ!"

"ಅಪ್ಪಾ, ನಾನ್ ತೆಗೀಲಾ?" ಎಂದು ಚುಕ್ಕಿ ಹೋಗಿ, ಒಂದೇ ಏಟಿಗೆ ಡ್ರಾಯರು ತೆಗೆದುಕೊಟ್ಟಳು.

ಕವಚದೊಳಗೆ ಅಮ್ಮ ಲೆಕ್ಕ ಹಾಕತೊಡಗಿದಳು. ಈ ಮಗು ಎಷ್ಟು ದಿನದಿಂದ ಇದನ್ನು ತೆಗೆಯುತ್ತಿದೆ? ಆದರೆ ಆ ಗಾಬರಿಯನ್ನು ನಾಳೆಗೆಂದು ಎತ್ತಿಡಬೇಕಾಯಿತು. ತಗ್ಗಿದ ಕಣ್ಣಿಗೆ ಗಂಡನ ಕೈಯಲ್ಲಿದ್ದ ಕತ್ತರಿ ಕಂಡಿತ್ತು.

"ಕತ್ತರಿ ಆಡಿಸಿದ್ರೆ ನೋಡಿ ಮತ್ತೆ!"

"ಇಲ್ದಿದ್ರೆ ಹೇಗೆ ತೆಗೀಲಿ?"

"ಮೂರು ವಾರ ರೀ! ಮೂರು ವರ್ಷ ಆದ್ಮೇಲೆ ಮಾಡಿರೋ ಒಂದೇ ಒಂದು ಕೆಲಸ. ನಾಳೆ ನಾಲ್ಕು ಗಂಟೆಗೆ ಮೇಜಿನ ಮೇಲೆ ಚಿಂದಿ ಇಟ್ಟು ಏನಂತ ಚೀಟಿ ಬರೀಲಿ? 'ಇದು ಕವಚ ಆಗಿತ್ತು' ಅಂತಾನಾ?"

"ಹಾಗಾದ್ರೆ ಇದರೊಳಗೇ ಸಂಸಾರ ಮಾಡ್ತೀಯಾ?"

"ಮಾಡ್ತೀನಿ!" ಎಂದಳು. ಆದರೆ ಮರುಕ್ಷಣವೇ ಅವಳ ತಲೆ ಎಂದಿನಂತೆ ಓಡತೊಡಗಿತು. ಸೀನು ಬಂದರೆ? ಬೆಂಕಿ ಬಿದ್ದರೆ? ಮೂಗು ತುರಿಸಿದರೆ? ಮೂಗು ತುರಿಸತೊಡಗಿತು.

ಕೊನೆಗೆ ಗಂಡನಿಗೇ ಹೊಳೆಯಿತು. "ಇದು ಚಪ್ಪಲಿ ಗಮ್ಮು ತಾನೇ? ಮೂಲೆಯ ಶೂ ರಿಪೇರಿ ತಾತನ ಹತ್ರ ಹೋಗೋಣ. ಅಂಟಿಸೋರಿಗೆ ಬಿಡಿಸೋದೂ ಗೊತ್ತಿರುತ್ತೆ."

"ಟೈಮೆಷ್ಟು?"

"ಹನ್ನೊಂದೂ ಇಪ್ಪತ್ತು."

"ಹೇಗೂ ನಡ್ಕೊಂಡೇ ಹೋಗ್ತೀವಲ್ಲ, ಇಪ್ಪತ್ತು ಹೆಜ್ಜೆ ವಿಡಿಯೋ ಮಾಡಿ ಹಾಕಿಬಿಡಿ. ಹನ್ನೆರಡರೊಳಗೆ ಹೋಗಬೇಕು. ಏನೇ ಆಗಲಿ ಮಧ್ಯದಲ್ಲಿ ನಿಲ್ಲಿಸಬೇಡಿ!"

"ತಲೆ ಬಗ್ಗಿದೆಯಲ್ಲೇ?"

"ವಿನಯ ಅಂದ್ಕೋತಾರೆ! ನನ್ನ ಫೋನ್ ಪ್ಯಾಂಟಿನ ಜೇಬಲ್ಲಿದೆ, ಕವಚದ ಒಳಗೆ. ನಿಮ್ಮದರಲ್ಲೇ ಮಾಡಿ."

ಹೀಗೆ ಆ ಮೆರವಣಿಗೆ ಹೊರಟಿತು. ಲಿಫ್ಟಿನೊಳಗೆ ನೇರವಾಗಿ ಹೋಗಲು ತೋಳುಗಳು ಬಿಡಲಿಲ್ಲ. ಅಡ್ಡಡ್ಡ, ಏಡಿಯಂತೆ ಹೋದಳು. ಒಳಗೆ ಮೇಲಿನ ಮನೆಯ ಅಜ್ಜಿ ನಿಂತಿದ್ದರು. ಮಿರಿಮಿರಿ ಮಿಂಚುವ ಬೆಳ್ಳಿಯ ಯೋಧೆಯನ್ನು ಮೇಲಿಂದ ಕೆಳಗೆ ನೋಡಿ, ಕನಿಕರದಿಂದ, "ಏನಮ್ಮಾ, ಕುತ್ತಿಗೆ ಹಿಡ್ಕೊಂಡಿದ್ಯಾ? ದಿಂಬು ಬದಲಾಯಿಸು," ಎಂದರು.

ರಸ್ತೆಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಬರೀ ಪಾದಗಳು. ಬೂಟು, ಚಪ್ಪಲಿ, ನಾಯಿಯ ಕಾಲು, ಸೈಕಲ್ಲಿನ ಚಕ್ರ. ಪಾದಗಳೆಲ್ಲ ಅವಳ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಿದ್ದವು. ಯಾರದೋ ಬೂಟಿನ ಲೇಸು ಬಿಚ್ಚಿತ್ತು. "ಲೇಸ್ ಕಟ್ಕೊಳ್ಳಿ, ಮುಗ್ಗರಿಸ್ತೀರಾ!" ಎಂದಳು. ಆ ಬೂಟು ಲೇಸು ಕಟ್ಟಿಕೊಳ್ಳದೆ ಓಡಿಹೋಯಿತು. ಫೋಮಿಗೆ ಫೋಮು ಉಜ್ಜಿ ಹೆಜ್ಜೆಗೊಮ್ಮೆ ಕಿರ್ ಕಿರ್ ಎನ್ನುತ್ತಿತ್ತು. ಅವಳ ಅಗಲಿಸಿದ ಕೈಯ ಎರಡು ಬೆರಳನ್ನು ಹಿಡಿದು ಚುಕ್ಕಿ ಕುಣಿಯುತ್ತ ಬರುತ್ತಿದ್ದಳು. ಮುಂದೆ ಗಂಡ, ಹಿಮ್ಮುಖವಾಗಿ ನಡೆಯುತ್ತ, ಫೋನು ಹಿಡಿದು ಎಣಿಸುತ್ತಿದ್ದ. "ಹದಿನೈದು... ಹದಿನಾರು... ಕೈ ಸ್ವಲ್ಪ ಸಹಜವಾಗಿಡು!"

"ಇದೇ ಸಹಜ ಈಗ!"

ಹದಿನೇಳನೆಯ ಹೆಜ್ಜೆಗೆ ಎರಡು ಬೆರಳ ಮೇಲಿನ ಹಿಡಿತ ಮಾಯವಾಯಿತು.

"ನಾಯಿಮರೀ!" ಎಂಬ ಚುಕ್ಕಿಯ ದನಿ ಕೇಳಿತು. ಪುಟ್ಟ ಕೆಂಪು ಬೂಟುಗಳು ಅವಳ ಕಣ್ಣಳತೆಯಿಂದ ಜಾರಿಹೋದವು. ರಸ್ತೆಯ ಕಡೆಗೆ! ಎಲ್ಲೋ ಒಂದು ಹಾರ್ನು ಕೂಗಿತು.

ಆಮೇಲೆ ಅವಳು ಏನು ಮಾಡಿದಳೆಂದು ಅವಳಿಗೇ ಗೊತ್ತಿಲ್ಲ. ದಂಡನಾಯಕಿ, ಕಲೆ, ಮೇಜು, ಚೀಟಿ ಎಲ್ಲ ಗಾಳಿಗೆ ಹಾರಿದವು. "ಚುಕ್ಕೀ! ನಿಲ್ಲೇ! ಚುಕ್ಕೀ!" ಎಂದು ಕಿರುಚುತ್ತ, ತಲೆ ತಗ್ಗಿಸಿದ ಟಗರಿನಂತೆ, ತೋಳು ಚಾಚಿದ ವಿಮಾನದಂತೆ, ಕಿರ್ ಕಿರ್ ಕಿರ್ ಎಂದು ಧಾವಿಸಿದಳು. ಎದುರಿನದು ಕಾಣುವುದಿಲ್ಲ, ಕೆಂಪು ಬೂಟು ಮಾತ್ರ ಕಾಣಬೇಕು. ಕಾಣುತ್ತಿಲ್ಲ! ದಿನಸಿ ಅಂಗಡಿಯ ಮುಂದೆ ಆಳೆತ್ತರಕ್ಕೆ ಪೇರಿಸಿದ್ದ ಖಾಲಿ ರಟ್ಟಿನ ಡಬ್ಬಗಳು ಸಿಕ್ಕವು. ಅವುಗಳೊಳಗೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಂದಳು. ಹಿಂದೆ ಧಡಬಡ ಎಂದು ಗೋಪುರವೇ ಕುಸಿಯಿತು.

ಕುಸಿದ ಡಬ್ಬಗಳ ಆಚೆ, ಫುಟ್‌ಪಾತಿನ ಮೇಲೆಯೇ, ಎರಡು ಕೆಂಪು ಬೂಟುಗಳು ನಿಂತಿದ್ದವು. ಪಕ್ಕದಲ್ಲಿ ನಾಲ್ಕು ಪುಟಾಣಿ ನಾಯಿಗಾಲು. ಚುಕ್ಕಿ ರಸ್ತೆಗೆ ಇಳಿದೇ ಇರಲಿಲ್ಲ. ಅಪ್ಪನ ಎಡಗೈ ಅವಳ ಫ್ರಾಕಿನ ಹಿಂಭಾಗವನ್ನು ಆಗಲೇ ಹಿಡಿದಿತ್ತು.

ಅಮ್ಮ ಮಂಡಿಯೂರಿ ಕೂತುಬಿಟ್ಟಳು. ತಬ್ಬಿಕೊಳ್ಳೋಣವೆಂದರೆ ತೋಳು ಮಡಚುವುದಿಲ್ಲ. ಕೊನೆಗೆ ಮಗುವನ್ನು ತನ್ನ ಎರಡು ತೋಳಿನ ನಡುವೆ ನಿಲ್ಲಿಸಿಕೊಂಡು, ಶಿರಸ್ತ್ರಾಣದಿಂದಲೇ ಅದರ ಹೊಟ್ಟೆಗೆ ಒತ್ತಿ, ಏದುಸಿರು ಬಿಟ್ಟಳು.

"ಅಮ್ಮಾ," ಎಂದಳು ಚುಕ್ಕಿ, ಕಣ್ಣರಳಿಸಿ. "ಡಬ್ಬ ಬೀಳ್ಸೋದು ಇನ್ನೊಂದ್ಸಲ ಮಾಡು!"

ಗಂಡನ ಬಲಗೈಯಲ್ಲಿ ಫೋನು ಇನ್ನೂ ಮೇಲೇ ಇತ್ತು.

"ಇಷ್ಟಾದ್ರೂ ವಿಡಿಯೋ ಮಾಡ್ತಾನೇ ಇದೀರಾ?"

"ನೀನೇ ತಾನೇ ಹೇಳಿದ್ದು, ಏನೇ ಆದ್ರೂ ನಿಲ್ಲಿಸಬೇಡಿ ಅಂತ!"

ಶೂ ರಿಪೇರಿಯ ತಾತ ಹಳೇ ಕನ್ನಡಕವನ್ನು ಹಣೆಗೇರಿಸಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ದೊಡ್ಡ ಡಾಕ್ಟರಂತೆ ಸುತ್ತ ತಿರುಗಿ ನೋಡಿದರು. ಪಕ್ಕೆಯ ಜೋಡಣೆಯ ಮೇಲೆ ಉಗುರು ಎಳೆದರು.

"ಯಾರು ಅಂಟಿಸಿದ್ದು?"

"ನಾನೇ," ಎಂದಿತು ಶಿರಸ್ತ್ರಾಣ.

"ಭೇಷ್! ಜಗತ್ತಿನ ಶೂಗಳನ್ನೆಲ್ಲ ನೀವು ಅಂಟಿಸಿದ್ರೆ ನಾನು ಅಂಗಡಿ ಮುಚ್ಚಬೇಕಾಗ್ತಿತ್ತು. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ತಾಯಿ. ಬೂಟಿಗೆ ಬಾಯಿ ಯಾಕಿರುತ್ತೆ?"

"ಕಾಲು ಹಾಕೋಕೆ."

"ಹಾಕೋಕೆ ಮಾತ್ರ ಅಲ್ಲ, ತೆಗೆಯೋಕೂ ಇರುತ್ತೆ."

ತಾತ ಎಂಥದೋ ಎಣ್ಣೆಯನ್ನು ಗಲ್ಲದ ಬಿರುಕಿಗೆ ತೊಟ್ಟು ತೊಟ್ಟಾಗಿ ಬಿಟ್ಟರು. ಚರ್ಮ ಕೊಯ್ಯುವ ಚಪ್ಪಟೆ ಉಳಿಯನ್ನು ಕಾಗದದಷ್ಟು ತೆಳ್ಳಗೆ ಅದರೊಳಗೆ ತೂರಿಸಿದರು. ಅವಳು ಕತ್ತಿನ ನರಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತ, "ಮಗೂನ ಆ ಕಡೆ ಕರ್ಕೊಂಡು ಹೋಗಿ, ನೋಡಬಾರ್ದು," ಎಂದು ಗಂಡನಿಗೆ ಅಪ್ಪಣೆ ಕೊಟ್ಟಳು. ಮಗು ಮುಂದಿನ ಸಾಲಿನಲ್ಲೇ ಕೂತು ನೋಡಿತು. ಚರ್ ಎಂದು ತಲೆ ಮೇಲೆ ಬಂತು! ಆಕಾಶ, ಮರ, ಜನರ ಮುಖ, ಎಲ್ಲ ಒಟ್ಟಿಗೇ ಸಿಕ್ಕಿತು. ಸುತ್ತ ಅಷ್ಟು ಜನ ಸೇರಿದ್ದಾರೆಂದು ಅವಳಿಗೆ ಆಗಲೇ ಗೊತ್ತಾದದ್ದು. ಮತ್ತೆ ತಲೆ ತಗ್ಗಿಸಿದಳು, ಈ ಸಲ ಗಮ್ಮಿಲ್ಲದೆ.

ಪಕ್ಕೆಯ ಒಂದು ಜೋಡಣೆಯನ್ನು ತಾತ ದಾರ ಬಿಡಿಸಿದಷ್ಟು ನಾಜೂಕಾಗಿ ತೆರೆದು, ಎರಡು ಅಂಚಿಗೂ ಆರಾರು ತೂತು ಹಾಕಿ, ಹಿತ್ತಾಳೆಯ ಪುಟ್ಟ ಉಂಗುರ ಕೂರಿಸಿ, ಕಪ್ಪು ಬೂಟಿನ ಲೇಸು ಪೋಣಿಸಿಕೊಟ್ಟರು. "ಇನ್ಮೇಲೆ ಬೂಟಿನ ಥರ ಕಟ್ಕೊಳ್ಳಿ, ಬೂಟಿನ ಥರ ಬಿಚ್ಕೊಳ್ಳಿ," ಎಂದರು. ಕವಚಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅಷ್ಟೇ ಅಲ್ಲ, ಲೇಸಿನಿಂದ ಅದಕ್ಕೆ ಇನ್ನಷ್ಟು ರಾಜಕಳೆ ಬಂದಿತ್ತು!

"ವಿಡಿಯೋ?" ಎಂದಳು ಗಂಡನ ಕಡೆ ತಿರುಗಿ.

"ಹೋಯ್ತು. ಹನ್ನೊಂದೂ ಐವತ್ತಾರಕ್ಕೆ."

"ಪೂರ್ತಿ ಹಾಕಿಬಿಟ್ರಾ? ಡಬ್ಬದವರೆಗೂ?"

"ಕತ್ತರಿಸೋಕೆ ಟೈಮೆಲ್ಲಿತ್ತು?"

ಹೋಗಲಿ. ಬೀಳಿಸಿದ್ದು ಬೀಳಿಸಿದೆ, ಆದರೆ ತೊಟ್ಟು ಬೀಳಿಸಿದೆ, ನಡೆದು ಬೀಳಿಸಿದೆ. ನಿಯಮ ಪೂರೈಸಿತು! ಅವಳು ಕವಚವನ್ನು ಮಗುವಿನಂತೆ ಎತ್ತಿಕೊಂಡು, ಮಗುವನ್ನು ಗಂಡನಿಗೆ ಎತ್ತಿಕೊಳ್ಳಲು ಕೊಟ್ಟು, ಗೆದ್ದ ಸೈನ್ಯದಂತೆ ಮನೆಗೆ ಬಂದಳು.

ಊಟ ಮುಗಿಸಿ ಫೋನು ತೆರೆದಾಗ ಬಳಗದ ಪುಟ ಹೊತ್ತಿ ಉರಿಯುತ್ತಿತ್ತು. ಹೊಗಳಿಕೆಯ ಮೇಲೆ ಹೊಗಳಿಕೆ! ಮೊದಲನೆಯದು ಹಲ್ಲಿನ ಡಾಕ್ಟರಮ್ಮನದು.

'ಕೆಟಲ್‌ನವರೇ, ಇದು ನಿಮ್ಮ ಈವರೆಗಿನ ಅತ್ಯುತ್ತಮ ಅನಿಮೇಷನ್! ಆ ತಾಯಿಯ ಗಾಬರಿ, ಅಬ್ಬಬ್ಬಾ!'

ಅವಳು ಎರಡು ಸಲ ಓದಿದಳು. ಕೆಳಗೆ ಬಸ್ ಡ್ರೈವರು: 'ಡಬ್ಬ ಬೀಳುವ ದೃಶ್ಯ ಒಂದಕ್ಕೇ ಎಷ್ಟು ವಾರ ಹಿಡಿಯಿತು ಸಾರ್?' ಅದರ ಕೆಳಗೆ ಬೇಕರಿಯವರು: 'ಚೆನ್ನಾಗಿದೆ. ಆದರೆ ಮನುಷ್ಯರ ತೋಳು ಹೀಗೆ ಅಗಲವಾಗಿ ನಿಲ್ಲುವುದಿಲ್ಲ. ಅಂಗರಚನೆ ಅಭ್ಯಾಸ ಮಾಡಿ.'

"ರೀ!!"

ವಿಡಿಯೋ ಹಾಕಿ ನೋಡಿದಳು. ಅವಳು ಓಡುತ್ತಿದ್ದಾಳೆ, ಸರಿ. ಆದರೆ ರಸ್ತೆ ಬಣ್ಣದ ಪೆನ್ಸಿಲಿನಲ್ಲಿ ಬರೆದಂತಿದೆ, ಕವಚದ ಸುತ್ತ ಕಪ್ಪು ಗೆರೆ, ಚುಕ್ಕಿಯ ಕೆನ್ನೆ ಎರಡು ಗುಲಾಬಿ ಉಂಡೆ! ಗಂಡನಿಗೆ ಫೋನೆಂದರೆ ಅನಿಮೇಷನ್ ಆ್ಯಪ್. ಗಡಿಬಿಡಿಯಲ್ಲಿ ಕ್ಯಾಮೆರಾ ಎಂದು ಅದನ್ನೇ ತೆರೆದಿದ್ದ. ಕಂಡದ್ದನ್ನೆಲ್ಲ ಬಿಡಿಸಿದ ಚಿತ್ರದಂತೆ ಮಾಡುವುದು ಅದರ ಚಾಳಿ. ಆಮೇಲೆ ಅವನ ಫೋನಿನಿಂದ ಹೋದದ್ದು ಅವನದೇ ಹೆಸರಿನಲ್ಲಿ ಹೋಗಿ ಕೂತಿತ್ತು.

ಗಂಡ ಅಪರಾಧಿಯಂತೆ ಕೂತು ಬರೆದ: 'ಸ್ನೇಹಿತರೇ, ಇದು ಅನಿಮೇಷನ್ ಅಲ್ಲ. ಇದು ನಿಜವಾಗಿ ನನ್ನ ಹೆಂಡತಿ. ಕವಚ ಮಾಡಿದ್ದು ಅವಳು.'

ಅರ್ಧ ನಿಮಿಷದಲ್ಲಿ ಡಾಕ್ಟರಮ್ಮನ ಉತ್ತರ ಬಂತು: 'ಹೀಗೇ ಇರಬೇಕು! ತಾನು ಸೃಷ್ಟಿಸಿದ ಪಾತ್ರ ತನಗೇ ನಿಜ ಅನ್ನಿಸುವವರೆಗೆ ಮುಳುಗಬೇಕು!'

"ಬಿಡಿ," ಎಂದಳು ಚುಕ್ಕಿಯ ಅಮ್ಮ, ಹಲ್ಲು ಕಚ್ಚಿ. "ನಾಳೆ ಕವಚಾನೇ ಎದುರಿಗೆ ನಿಲ್ಲಿಸ್ತೀನಲ್ಲ. ಕಣ್ಣಲ್ಲಿ ನೋಡಿದ ಮೇಲೆ ಏನು ಮಾತಾಡ್ತಾರೆ?"

ಭಾನುವಾರ ನಾಲ್ಕಕ್ಕೆ ಗ್ರಂಥಾಲಯದ ಮಹಡಿ ತುಂಬಿತ್ತು. ಸೋಪಿನ ಆನೆಗಳು, ಬಾಟಲಿಯ ಹಡಗು, ಬೆಂಕಿಕಡ್ಡಿಯ ಸೇತುವೆ ಸಾಲಾಗಿ ಕೂತಿದ್ದವು. ಗಂಡನ ಹೆಸರಿನಲ್ಲಿ ಬಂದ ವಿಡಿಯೋಗೆ ಮೇಜೂ ಗಂಡನ ಹೆಸರಿನಲ್ಲೇ ಸಿಕ್ಕಿತ್ತು. ಅವಳು ಲೇಸು ಬಿಗಿದುಕೊಂಡು, ತಲೆಯೆತ್ತಿ, ಮೇಜುಗಳ ನಡುವೆ ಇಪ್ಪತ್ತು ಹೆಜ್ಜೆ ನಡೆದಳು. ಕಿರ್ ಕಿರ್ ಸದ್ದು ಕೂಡ ಗಂಭೀರವಾಗಿ ಕೇಳಿಸಿತು. ಚಪ್ಪಾಳೆ ಬಿತ್ತು. ಹದವಾದ, ಮರ್ಯಾದೆಯ ಚಪ್ಪಾಳೆ.

"ಯಜಮಾನರ ಅನಿಮೇಷನ್ ನೋಡಿ ಎಷ್ಟು ಬೇಗ ಮಾಡಿಬಿಟ್ರಲ್ಲಮ್ಮ! ಒಂದೇ ದಿನದಲ್ಲಿ!" ಎಂದರು ಡಾಕ್ಟರಮ್ಮ.

"ಮೇಷ್ಟ್ರೇ," ಎಂದು ಗಂಡ ಎದ್ದು ನಿಂತ. "ನಾನೇನೂ ಮಾಡಿಲ್ಲ. ಬರೀ ಫೋನ್ ಹಿಡಿದಿದ್ದೆ. ಎಲ್ಲಾ ಇವಳೇ ಮಾಡಿದ್ದು."

ಅವನ ಸರಳತೆಗೆ ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು, ಈ ಸಲ ಜೋರಾಗಿ.

ಮೇಷ್ಟ್ರು ನ್ಯಾಯವಂತರು. ಸಂದೇಹ ಬಂದರೆ ಸಾಕ್ಷಿ ಕೇಳುವವರು. ಬಿಸ್ಕೆಟ್ ತಿನ್ನುತ್ತ ಕೂತಿದ್ದ ಚುಕ್ಕಿಯ ಮುಂದೆ ಬಗ್ಗಿ, "ಪುಟ್ಟಾ, ಫೋನಲ್ಲಿ ಓಡ್ತಾ ಇದ್ದದ್ದು ಯಾರು? ಅಮ್ಮಾನಾ?" ಎಂದು ಕೇಳಿದರು.

ಚುಕ್ಕಿ ಬಿಸ್ಕೆಟ್ ನುಂಗಿ, ಖಚಿತವಾಗಿ ತಲೆಯಾಡಿಸಿದಳು. "ಅಲ್ಲ. ಫೋನಲ್ಲಿ ಓಡೋದೆಲ್ಲ ಅಪ್ಪ ಮಾಡಿದ್ದು."

"ಮೇಷ್ಟ್ರೇ, ಆ ಓಡಿದ್ದು ನಾನೇ!" ಎಂದಳು ಅಮ್ಮ. "ಬೇಕಿದ್ರೆ ಈಗಲೇ ಓಡಿ ತೋರಿಸ್ತೀನಿ!"

ಕುರ್ಚಿಗಳನ್ನು ಸರಿಸಿದರು. ಅವಳು ತಲೆ ತಗ್ಗಿಸಿ, ತೋಳು ಅಗಲಿಸಿ, "ಚುಕ್ಕೀ! ನಿಲ್ಲೇ!" ಎಂದು ಕೂಗಿಕೊಂಡು ಆ ಗೋಡೆಯಿಂದ ಈ ಗೋಡೆಗೆ ಓಡಿದಳು. ಅಪ್ಪನ ತೊಡೆಯ ಮೇಲೆ ಕೂತಿದ್ದ ಚುಕ್ಕಿ, "ಇಲ್ಲೇ ಇದೀನಲ್ಲಮ್ಮಾ," ಎಂದು ಎರಡನೆಯ ಬಿಸ್ಕೆಟ್ಟಿಗೆ ಕೈಹಾಕಿದಳು. ನಡುವೆ ಬೆಂಕಿಕಡ್ಡಿಯ ಸೇತುವೆ ಬಂದಾಗ ಅವಳು ಅದಕ್ಕೆ ತಾಗದಂತೆ ಎಚ್ಚರದಿಂದ ಬಳಸಿಕೊಂಡೂ ಹೋದಳು.

ಮೇಷ್ಟ್ರು ಅವಳ ಹತ್ತಿರ ಬಂದು, ಕವಚದ ಭುಜದ ಮೇಲೆ ತಂದೆಯಂತೆ ಕೈಯಿಟ್ಟರು.

"ಕವಚ ಚೆನ್ನಾಗಿದೆ ಮಗಳೇ, ಕೈ ಪಳಗಿದೆ. ಆದ್ರೆ ಓಟದಲ್ಲಿ ಜೀವ ಇಲ್ಲ. ನಿಮ್ಮ ಯಜಮಾನರ ಹತ್ರ ಕೂತು ಸ್ವಲ್ಪ ಕಲ್ತ್ಕೋಬೇಕು ನೀವು. ಮಗು ಕೈ ಬಿಟ್ಟು ಓಡಿದಾಗ ಹೆತ್ತ ತಾಯಿ ಹೇಗೆ ಓಡ್ತಾಳೆ ಅನ್ನೋದು ಅವರಿಗೆ ಗೊತ್ತು!"